ಬೀಳುವ ಸುಖ, ನಿಲ್ಲುವ ಭಯ

ಬಿಡದಿ ಹತ್ತಿರದ ವಂಡರ್‌ಲಾದಲ್ಲಿ ರೋಲರ್ ಕೋಸ್ಟರ್ ಹತ್ತಿ, ತಲೆಕೆಳಗಾಗಿ ಸುತ್ತಿ, ಇಳಿದ ಕೂಡಲೇ ಇನ್ನೊಮ್ಮೆ ಸಾಲಿನಲ್ಲಿ ನಿಂತ ಹುಡುಗ ಊರಿಗೆ ಮರಳಿದ ಮೇಲೆ ಕೈಕಟ್ಟೆಯಿಲ್ಲದ ಮಾಳಿಗೆಯ ಅಂಚಿಗೆ ಹೋಗಲು ಒಲ್ಲೆ ಅನ್ನುತ್ತಾನೆ. ಹರವಿದ ಮೆಣಸಿನಕಾಯಿ ತಿರುವಿ ಹಾಕು ಅಂದರೆ ನಡುವಿನಷ್ಟನ್ನೇ ತಿರುವಿ ಬರುತ್ತಾನೆ. ಹಲಗೇರಿ ಕಡೆ ಇಂಥವರನ್ನು ನೋಡಿ ನಗುವವರಿದ್ದಾರೆ. ಅಷ್ಟೆತ್ತರದಿಂದ ಬಿದ್ದು ಬಂದವನಿಗೆ ಹನ್ನೆರಡಡಿ ಮಾಳಿಗೆ ಯಾವ ಲೆಕ್ಕ ಎಂಬುದು ಅವರ ಪ್ರಶ್ನೆ. ನಗುವಂಥದ್ದು ಏನೂ ಇಲ್ಲ, ಆದರೆ ಪ್ರಶ್ನೆ ಮಾತ್ರ ಒಳ್ಳೆಯದು. ಜಗತ್ತಿನ ಎಲ್ಲ ಕಡೆಯೂ ರೋಲರ್ ಕೋಸ್ಟರಿನ ಹುಚ್ಚು ಹಿಡಿದವರಲ್ಲಿ ಎತ್ತರಕ್ಕೆ ಹೆದರುವವರು ಸಿಗುತ್ತಾರೆ. ಏಣಿಯ ನಾಲ್ಕನೇ ಮೆಟ್ಟಿಲಿಗೆ ಕಾಲು ನಡುಗುತ್ತದೆ, ನೂರಡಿ ಮೇಲಿನ ಹಳಿಯ ಮೇಲೆ ಕೇಕೆ ಬರುತ್ತದೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, ಕೋಸ್ಟರಿನ ಭಯ ಸುಳ್ಳು ಭಯ, ಸುರಕ್ಷಿತ ಭಯ ಎಂಬುದು. ನನಗೆ ಇದು ಸಾಲದು. ದಪ್ಪ ಗಾಜಿನ ಗೋಡೆಯ ಹಿಂದೆ, ಹತ್ತನೇ ಮಹಡಿಯಲ್ಲಿ ನಿಂತವನೂ ಸುರಕ್ಷಿತನೇ. ಅಲ್ಲಿ ಅವನಿಗೆ ಸುಖವಿಲ್ಲ, ಬರೀ ಬೆವರು.

ದೇಹದ ಕಡೆಯಿಂದ ನೋಡಿದರೆ ಸ್ವಲ್ಪ ಬೆಳಕು ಸಿಗುತ್ತದೆ. ಜರ್ಮನಿಯ ನರವೈದ್ಯ ಥಾಮಸ್ ಬ್ರಾಂಟ್ ಮತ್ತು ಸಂಗಡಿಗರು 1980ರಲ್ಲಿ ಎತ್ತರದ ತಲೆಸುತ್ತಿನ ಬಗ್ಗೆ ಬರೆದದ್ದರ ಸಾರ ಹೀಗಿದೆ. ನಿಂತ ಮನುಷ್ಯ ಯಾವಾಗಲೂ ಕೊಂಚ ತೂಗಾಡುತ್ತಲೇ ಇರುತ್ತಾನೆ. ಹತ್ತಿರದ ಗೋಡೆ, ಕಂಬ, ಗಿಡ ಕಣ್ಣಿನಲ್ಲಿ ಅತ್ತಿತ್ತ ಸರಿಯುವುದನ್ನು ಗಮನಿಸಿಯೇ ಮಿದುಳು ಆ ತೂಗಾಟವನ್ನು ತಿದ್ದುತ್ತಿರುತ್ತದೆ. ಅಂಚಿನಲ್ಲಿ ನಿಂತಾಗ ಹತ್ತಿರ ಏನೂ ಇರುವುದಿಲ್ಲ. ದೂರದ ವಸ್ತುಗಳು ಕಣ್ಣಿನಲ್ಲಿ ಸರಿಯುವುದೇ ಇಲ್ಲ. ಒಳಕಿವಿ ಮತ್ತು ಅಂಗಾಲು ಹೇಳುವುದಕ್ಕೆ ಕಣ್ಣು ಸಾಕ್ಷಿ ನುಡಿಯುವುದಿಲ್ಲ. ಮೈ ಮೊದಲಿಗಿಂತ ಹೆಚ್ಚು ತೂಗುತ್ತದೆ, ತಲೆ ತಿರುಗುತ್ತದೆ. ಅಲ್ಲೇ ಕುಕ್ಕರಗಾಲಲ್ಲಿ ಕುಳಿತರೆ ಅರ್ಧ ಭಯ ಇಳಿಯುವುದು ಇದಕ್ಕೇ. ಮಾಳಿಗೆಯ ಅಂಚಿನಲ್ಲಿ ಹುಡುಗನಿಗೆ ಒಂದು ಕೆಲಸವಿದೆ. ತನ್ನನ್ನು ತಾನು ನಿಲ್ಲಿಸಿಕೊಳ್ಳುವ ಕೆಲಸ. ಕೋಸ್ಟರಿನ ಕುರ್ಚಿಯಲ್ಲಿ ಆ ಕೆಲಸದಿಂದ ಅವನಿಗೆ ರಜೆ.

ಹತ್ತೊಂಬತ್ತನೇ ಶತಮಾನದ ಕೀರ್ಕೆಗಾರ್ಡನಿಗೆ ಪ್ರಪಾತದ ಅಂಚಿನ ತಲೆಸುತ್ತು ಸ್ವಾತಂತ್ರ್ಯದ ತಲೆಸುತ್ತಾಗಿ ಕಂಡಿತ್ತು. ಸಾರ್ತ್ರ್ 1943ರಲ್ಲಿ ಅದನ್ನೇ ಇನ್ನಷ್ಟು ಚೂಪು ಮಾಡಿದ: ನಾನು ಬಿದ್ದೇನೆಂಬುದಕ್ಕಿಂತ ನಾನೇ ಹಾರಿಬಿಟ್ಟೇನೆಂಬ ದಿಗಿಲು ದೊಡ್ಡದು. ತತ್ತ್ವಜ್ಞಾನಿಗಳು ಹೇಳಿದ್ದನ್ನು ಹಳಿ ಕಟ್ಟುವವರು ಬೇರೆ ದಾರಿಯಲ್ಲಿ ಕಂಡುಕೊಂಡರು. ಲಾಮಾರ್ಕಸ್ ಥಾಂಪ್ಸನ್ 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಓಡಿಸಿದ ಬಂಡಿಯ ವೇಗ ಗಂಟೆಗೆ 10 ಕಿಲೋಮೀಟರಿನ ಆಸುಪಾಸು. ನಮ್ಮ ಚಕ್ಕಡಿಯ ಎತ್ತು ಹುರುಪಿನಲ್ಲಿದ್ದರೆ ಹಿಂದೆ ಹಾಕೀತು. ಅಷ್ಟಕ್ಕೇ ಜನ ಮುಗಿಬಿದ್ದರು. ವೇಗಕ್ಕಿಂತ ಮುಖ್ಯವಾದದ್ದು ಅಲ್ಲಿತ್ತು. ಒಮ್ಮೆ ಕುಳಿತ ಮೇಲೆ ಮುಂದಿನದನ್ನೆಲ್ಲ ಗುರುತ್ವವೇ ನೋಡಿಕೊಳ್ಳುತ್ತಿತ್ತು. ಇವತ್ತು ಎದೆಯ ಮೇಲೆ ಬಂದು ಕೂರುವ ಕಬ್ಬಿಣದ ತೋಳು ಬೀಳದ ಹಾಗೆ ಹಿಡಿಯುವುದು ಮಾತ್ರವಲ್ಲ, ಹಾರುವ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುತ್ತದೆ. ಆ ಕಳೆದುಕೊಳ್ಳುವಿಕೆಗೆ ನಾವು ಟಿಕೆಟ್ ಕೊಳ್ಳುತ್ತೇವೆ.

ಜಾತ್ರೆಯ ದೊಡ್ಡ ತೊಟ್ಟಿಲಿನಲ್ಲಿ ಹೀಗಿಲ್ಲ. 1893ರ ಷಿಕಾಗೋ ಪ್ರದರ್ಶನದ 264 ಅಡಿಯ ಚಕ್ರದ ಈ ಬಡ ಮೊಮ್ಮಗುವಿಗೆ ಜೈಂಟ್ ವೀಲ್ ಎಂದು ಹೆಸರು. ಕೋಸ್ಟರನ್ನು ಪ್ರೀತಿಸುವ ಎಷ್ಟೋ ಜನ ಇದನ್ನು ಕಂಡರೆ ಆಗದು ಅನ್ನುತ್ತಾರೆ. ಕೆಳಗೆ ಜನ ಹತ್ತಿಸಿಕೊಳ್ಳಲು ಚಕ್ರ ನಿಂತಾಗ ನಿಮ್ಮ ತೊಟ್ಟಿಲು ತುತ್ತತುದಿಯಲ್ಲಿ ಕಿರ್ ಅನ್ನುತ್ತ ತೂಗುತ್ತಿರುತ್ತದೆ. ತೊಡೆಯ ಮೇಲೆ ಒಂದು ಸಡಿಲ ಸರಳು. ಎದುರು ಕುಳಿತವನು ಬೇಕೆಂದೇ ಮೈ ಅಲ್ಲಾಡಿಸುತ್ತಾನೆ. ಯೋಚಿಸಲು ಧಾರಾಳ ಸಮಯ. ಕಥನದ ಭಾಷೆಯಲ್ಲಿ ಹೇಳುವುದಾದರೆ ಕೋಸ್ಟರು ಬರೀ ಕ್ರಿಯೆ, ತೊಟ್ಟಿಲು ಸ್ವಗತ. (ಆದರೂ ತೊಟ್ಟಿಲಿನ ಒಂದು ಉಪಕಾರವನ್ನು ಮರೆಯಬಾರದು. ಊರ ನಡುವೆ ದನಿ ಏರಿಸದ ಹೆಂಗಸರು ಅದರಲ್ಲಿ ಕುಳಿತು ಗಂಟಲು ಹರಿಯುವಂತೆ ಕಿರುಚಬಹುದು. ಯಾರೂ ಏನೂ ಅನ್ನುವುದಿಲ್ಲ.)

ಪಂಚಮಿಯ ಜೋಕಾಲಿ ಇವೆರಡಕ್ಕಿಂತ ಹಳೆಯದು. ತವರಿಗೆ ಬಂದ ಹೆಣ್ಣುಮಕ್ಕಳು ಬೇವಿನ ಕೊಂಬೆಗೋ ಮನೆಯ ತೊಲೆಗೋ ಕಟ್ಟಿದ ಹಗ್ಗದಲ್ಲಿ ನಿಂತು ಜೀಕುತ್ತಾರೆ. ಇಲ್ಲಿ ಎತ್ತರ ಅವರ ಮೊಣಕಾಲಿನ ಬಲದಲ್ಲಿದೆ, ಸಾಕೆನ್ನಿಸಿದರೆ ನಿಲ್ಲಿಸುವುದೂ ಅವರ ಕೈಯಲ್ಲಿದೆ. ಹಿಂದೆ ನಿಂತು ನೂಕುವವರು ಅಕ್ಕನೋ ತಮ್ಮನೋ. ಗಂಡನ ಮನೆಯ ಊರಿನಲ್ಲಿ ಇದೇ ಹಗ್ಗ, ಇದೇ ಎತ್ತರ ಇದ್ದರೂ ಆಕೆ ಅಷ್ಟು ಜೀಕುತ್ತಿದ್ದಳೇ ಎಂಬುದು ನನ್ನ ಅನುಮಾನ.

ಈ ಅನುಮಾನವನ್ನು ಹಿಡಿದು ದೇವರಗುಡ್ಡಕ್ಕೆ ಹೋಗಬೇಕು. ಹಲಗೇರಿ ಇರುವ ರಾಣೇಬೆನ್ನೂರು ತಾಲ್ಲೂಕಿನಲ್ಲೇ, ಮೈಲಾರಲಿಂಗನ ಗುಡ್ಡವೂ ಇದೆ. ದಸರೆಯ ಹೊತ್ತಿಗೆ ಅಲ್ಲಿ ಕಾರ್ಣಿಕ. ತುಂಗಭದ್ರೆಯ ದಂಡೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ, ಡೆಂಕನಮರಡಿಯಲ್ಲಿ ನಡೆಯುವುದೂ ಇದೇ ಬಗೆಯದು. ಹೆಚ್ಚು ಪ್ರಸಿದ್ಧಿ ಅದಕ್ಕೆ. ಹಲವು ದಿನ ಉಪವಾಸವಿದ್ದ ಗೊರವಯ್ಯ, ಭಂಡಾರದ ಹಳದಿಯಲ್ಲಿ ಮುಳುಗಿದ ಜನಸಾಗರದ ನಡುವೆ, ಎರಡು ಆಳೆತ್ತರವನ್ನೂ ಮೀರಿದ ಬಿಲ್ಲನ್ನು ಏರುತ್ತಾರೆ. ತುದಿಯಲ್ಲಿ ನಿಂತು ‘ಸದ್ದಲೇ’ ಎಂದು ಕೂಗುತ್ತಾರೆ. ಅಷ್ಟು ಹೊತ್ತು ಏಳುಕೋಟಿ ಏಳುಕೋಟಿ ಅನ್ನುತ್ತಿದ್ದ ಜನ, ಡಮರು, ಪೀಪಿ ಮಾರುವವರ ಸದ್ದು ಎಲ್ಲ ಒಮ್ಮೆಲೇ ನಿಲ್ಲುತ್ತವೆ. ಅಷ್ಟು ಜನ ಸುಮ್ಮನಾಗುವುದನ್ನು ಬೇರೆಲ್ಲೂ ಕೇಳಲು ಸಿಗದು. ಒಂದು ಸಾಲಿನ ಕಾರ್ಣಿಕದ ನುಡಿ ಬರುತ್ತದೆ. ಆ ಮಾತು ಮುಗಿದದ್ದೇ ತಡ ಗೊರವಯ್ಯ ಮೇಲಿನಿಂದ ಬೀಳುತ್ತಾರೆ. ಮೆಲ್ಲಗೆ ಇಳಿದು ಬರುವ ಕ್ರಮವೇ ಅಲ್ಲಿಲ್ಲ. ಕೆಳಗಿದ್ದವರು ನೆಲ ಮುಟ್ಟಗೊಡದೆ ಹಿಡಿದುಕೊಳ್ಳುತ್ತಾರೆ.

ಕಾರ್ಣಿಕದ ಬಗ್ಗೆ ನಡೆಯುವ ಚರ್ಚೆಯೆಲ್ಲ ಆ ಒಂದು ಸಾಲಿನ ಸುತ್ತಲೇ. ಮಳೆ ಆದೀತೇ, ಹತ್ತಿ ಮೆಕ್ಕೆಜೋಳಕ್ಕೆ ದರ ಬಂದೀತೇ, ಯಾವ ಸರ್ಕಾರ ಉರುಳೀತು. ಅರ್ಥ ಬಿಡಿಸುವವರು ಪ್ರತಿ ವರ್ಷ ಸಿಗುತ್ತಾರೆ, ಸುದ್ದಿವಾಹಿನಿಗಳಂತೂ ರಾಜಕೀಯದ ಅರ್ಥವನ್ನೇ ಹೊತ್ತು ಮೆರೆಸುತ್ತವೆ. ಒಕ್ಕಲುತನದ ಜನ ಮಾತಿಗೆ ಕಿವಿಗೊಡುವುದು ಸಹಜ, ಅವರ ಒಂದು ವರ್ಷದ ಬದುಕು ಅದರಲ್ಲಿದೆ. ಆದರೆ ವಿಮರ್ಶೆ ಮಾಡುವವರೂ ಮಾತನ್ನೇ ಪಠ್ಯವೆಂದು ತಿಳಿದು ಬಿದ್ದ ದೇಹವನ್ನು ಬದಿಗಿಟ್ಟದ್ದು ನನಗೆ ಒಪ್ಪಿಗೆಯಾಗುವುದಿಲ್ಲ. ಅದೇ ಸಾಲನ್ನು ಗೊರವಯ್ಯ ನೆಲದ ಮೇಲೆ ನಿಂತು ಧ್ವನಿವರ್ಧಕದಲ್ಲಿ ಹೇಳಿದ್ದರೆ ಯಾರು ನಂಬುತ್ತಿದ್ದರು? ಭವಿಷ್ಯ ಹೇಳುವುದೆಂದರೆ ಕಾಲಿಡಲು ನೆಲವಿಲ್ಲದ ಕಡೆ ನಿಂತು ಮಾತಾಡುವುದು. ಹೇಳಿದವರು ಆ ಮಾತಿನ ಮೇಲೆ ತಮ್ಮ ಮೈಯನ್ನು ಅಡವಿಟ್ಟು ತೋರಿಸಬೇಕು. ಬೀಳುವಿಕೆ ಆ ಅಡವು.

ಗಮನಿಸಬೇಕಾದ ಇನ್ನೊಂದಿದೆ. ದೇವರು ಮೈಮೇಲೆ ಬಂದಾಗ ಭಯವೆಲ್ಲಿಯದು ಎನ್ನುತ್ತಾರೆ ಭಕ್ತರು. ಇರಬಹುದು. ಕೆಳಗಿನಿಂದ ನೋಡುವವನಿಗೆ ಕಾಣುವುದು ದೇವರಿಗಿಂತ ಮೊದಲು ಕೈಗಳು. ಮೇಲಿದ್ದವರ ಪಾಲಿಗೆ ನೆಲದ ಜಾಗದಲ್ಲಿ ಕೈಗಳೇ ಇವೆ. ಮಾಳಿಗೆಯ ಅಂಚಿನಲ್ಲಿ ನಿಂತ ನಮ್ಮ ಹುಡುಗನಿಗೆ ಇಲ್ಲದ್ದು, ಕೋಸ್ಟರು ಕಬ್ಬಿಣದಲ್ಲಿ ಮಾಡಿ ಕೊಟ್ಟದ್ದು ಇದೇ. ಎತ್ತರದ ಭಯ ಎನ್ನುವುದರ ಬಹುಪಾಲು ಹಿಡಿಯುವವರಿಲ್ಲದ ಭಯ ಎಂದು ನಾನು ತಿಳಿದಿರುವುದು ಈ ಬಿಲ್ಲಿನ ದೆಸೆಯಿಂದ.

ಫ್ರಾನ್ಸಿನ ರೋಜೆ ಕಯ್ವಾ 1958ರಲ್ಲಿ ಆಟಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದಾಗ ಪೈಪೋಟಿ, ಅದೃಷ್ಟ, ವೇಷ ಇವುಗಳ ಜೊತೆ ತಲೆಸುತ್ತನ್ನೂ ಒಂದು ಬಗೆಯಾಗಿ ಸೇರಿಸಿದ. ಸುಳಿ ಎಂಬ ಅರ್ಥದ ಗ್ರೀಕ್ ಮಾತಿನಿಂದ ಅದಕ್ಕೆ ಇಲಿಂಕ್ಸ್ ಎಂದು ಹೆಸರಿಟ್ಟ. ಎತ್ತರದ ಕಂಬದ ತುದಿಯಿಂದ ಹಗ್ಗಕ್ಕೆ ಜೋತು ಸುತ್ತುತ್ತ ಇಳಿಯುವ ಮೆಕ್ಸಿಕೋದ ವೊಲಾಡೋರರು ಅವನ ಉದಾಹರಣೆಗಳಲ್ಲಿ ಒಂದು. ವೇಷವೂ ತಲೆಸುತ್ತೂ ಕೂಡಿದಲ್ಲಿ ಹಳೆಯ ಸಮಾಜಗಳ ಆಚರಣೆ ಹುಟ್ಟುತ್ತದೆ ಎಂಬ ಅವನ ಮಾತು ಗೊರವರ ಕರಿಕಂಬಳಿಗೂ ಬಿಲ್ಲಿಗೂ ಚೆನ್ನಾಗಿ ಹೊಂದುತ್ತದೆ. ಆದರೆ ಕಯ್ವಾನ ಕಣ್ಣು ಸುತ್ತುವವನ ಮೇಲೆ ಮಾತ್ರ. ಕೆಳಗೆ ನಿಂತವರು ಅವನಿಗೆ ಬರೀ ಪ್ರೇಕ್ಷಕರು. ದೇವರಗುಡ್ಡದಲ್ಲಿ ಅವರು ಪ್ರೇಕ್ಷಕರಾಗಿಯೇ ಉಳಿದರೆ ಆಚರಣೆ ಅಲ್ಲಿಗೇ ಮುಗಿಯಿತು.

ಈ ಕಣ್ಣಿನಿಂದ ‘ನಾಗರಹಾವು’ ಚಿತ್ರವನ್ನು ಮತ್ತೊಮ್ಮೆ ನೋಡಬಹುದು. 1972ರಲ್ಲಿ ಪುಟ್ಟಣ್ಣ ಕಣಗಾಲರು ಚಿತ್ರದುರ್ಗದ ಬಂಡೆಗಳನ್ನು ಬರೀ ಹಿನ್ನೆಲೆಯಾಗಿ ಬಳಸಲಿಲ್ಲ. ರಾಮಾಚಾರಿ ಇಡೀ ಚಿತ್ರದಲ್ಲಿ ಎತ್ತರದಲ್ಲೇ ಆರಾಮವಾಗಿರುವವನು. ಅವನಿಗೆ ಕಷ್ಟ ಇರುವುದು ಕೆಳಗಿನ ಬೀದಿ, ಮನೆ, ಜಾತಿಗಳಲ್ಲಿ. ಅವನ ಪಾಲಿಗೆ ಕೆಳಗೆ ಇದ್ದ ಕೈ ಒಂದೇ, ಚಾಮಯ್ಯ ಮೇಷ್ಟರದು. ಕೊನೆಯಲ್ಲಿ ಬೆಟ್ಟದಿಂದ ಮೊದಲು ಬೀಳುವವರು ಮೇಷ್ಟ್ರು. ಆಮೇಲೆಯೇ ರಾಮಾಚಾರಿ, ಮಾರ್ಗರೆಟ್. ಈ ಅಂತ್ಯವನ್ನು ಪ್ರೇಮದ ದುರಂತವೆಂದು ಓದುವ ರೂಢಿ ಇದೆ. ನಾನು ಅನುಕ್ರಮವನ್ನು ನೋಡುತ್ತೇನೆ. ಹಿಡಿಯಬೇಕಾದವರೇ ಮೊದಲು ಜಾರಿದರು. ಶಿಷ್ಯನನ್ನು ಹಿಡಿದ ಕೈಯೇ ಅವನನ್ನು ಎರಡು ಸಲ ಪ್ರೀತಿಯಿಂದ ಬಿಡಿಸಿತ್ತು ಎಂಬುದನ್ನೂ ಪುಟ್ಟಣ್ಣ ಮರೆಯಲು ಬಿಡುವುದಿಲ್ಲ.

ತೇಜಸ್ವಿಯವರ ‘ಕರ್ವಾಲೊ’ 1980ರದ್ದು. ಅಲ್ಲಿ ಹಾರುವ ಓತಿಯನ್ನು ಬೆನ್ನಟ್ಟಿ ಕಾಡೆಲ್ಲ ಸುತ್ತಿದವರು ಕೊನೆಗೆ ಪ್ರಪಾತದ ಅಂಚಿಗೆ ಬಂದು ನಿಲ್ಲಬೇಕಾಗುತ್ತದೆ. ಓತಿ ನಿಲ್ಲುವುದಿಲ್ಲ. ಪಕ್ಕೆಲುಬುಗಳನ್ನು ಅಗಲಿಸಿ, ಚರ್ಮವನ್ನು ರೆಕ್ಕೆಯಾಗಿ ಬಿಚ್ಚಿ, ಕಣಿವೆಯ ಮೇಲೆ ತೇಲಿ ಮರೆಯಾಗುತ್ತದೆ. ಅದಕ್ಕೆ ಜಾತ್ರೆಯ ಕೈಗಳೂ ಬೇಡ, ಕಬ್ಬಿಣದ ತೋಳೂ ಬೇಡ. ಹಿಡಿಯುವುದನ್ನು ಮೈಯೊಳಗೇ ಮಡಚಿಟ್ಟುಕೊಂಡ ಪ್ರಾಣಿ ಅದು. ಕನ್ನಡದ ಓದುಗರಿಗೆ ಆ ಅಂತ್ಯ ಇಷ್ಟು ಹಿಡಿಸಿದ್ದರಲ್ಲಿ ವಿಕಾಸವಾದದ ಬೆರಗಿನ ಜೊತೆಗೆ ಅಂಚಿನಲ್ಲಿ ನಿಂತವರ ಒಂದು ಬಗೆಯ ಹೊಟ್ಟೆಕಿಚ್ಚೂ ಇದೆ.

ಇವೆಲ್ಲ ಕಥೆಯ ಬೀಳುವಿಕೆಗಳು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ನಡೆದದ್ದು ಕಥೆಯಲ್ಲ. ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಮೂವರಲ್ಲಿ ನಾಯಕನಟ ದಡ ಸೇರಿದರು, ಅನಿಲ್ ಮತ್ತು ಉದಯ್ ಮುಳುಗಿದರು. ಇಬ್ಬರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ಹಾರುವ ಮೊದಲು ಅವರಿಬ್ಬರೂ ಕ್ಯಾಮೆರಾದೆದುರು ತಮ್ಮ ಭಯವನ್ನೂ, ಈಜು ಅಷ್ಟಕ್ಕಷ್ಟೇ ಎಂಬುದನ್ನೂ ಹೇಳಿಕೊಂಡಿದ್ದರು. ಆ ಮಾತು ದಾಖಲಾಯಿತು, ಪ್ರಸಾರವೂ ಆಯಿತು. ಬಿಲ್ಲಿನ ಕೆಳಗೆ ಜನ ಒಂದು ಸಾಲನ್ನು ಕೇಳಿಸಿಕೊಂಡು ಕೈ ಒಡ್ಡುತ್ತಾರೆ. ಇಲ್ಲಿ ಕೇಳಿಸಿಕೊಂಡದ್ದು ಮೈಕು. ಭಯವನ್ನು ಒಪ್ಪಿಕೊಂಡವರ ಮಾತನ್ನು ಸಾಹಸಕ್ಕೆ ಒಗ್ಗರಣೆಯಾಗಿ ಬಳಸುವ ಒಂದು ಸೌಂದರ್ಯಪ್ರಜ್ಞೆ ನಮ್ಮ ಸಿನಿಮಾ, ಟೀವಿಗಳಲ್ಲಿ ಬೆಳೆದಿದೆ. ಅದನ್ನು ಧೈರ್ಯ ಎಂದು ಕರೆಯಲು ನಾನು ಸಿದ್ಧನಿಲ್ಲ. ಬಿದ್ದ ದೃಶ್ಯವನ್ನು ವಾಹಿನಿಗಳು ನಿಧಾನಗತಿಯಲ್ಲಿ, ಸುತ್ತ ಕೆಂಪು ಗೆರೆ ಎಳೆದು, ಮತ್ತೆ ಮತ್ತೆ ತೋರಿಸಿದವು. ಕೋಸ್ಟರಿನಲ್ಲಿ ಕುಳಿತವನಿಗೆ ಸಿಗುವ ಸುಖವನ್ನು ಸೋಫಾದ ಮೇಲೆ ಕುಳಿತವನಿಗೆ ಬೇರೆಯವರ ದೇಹದ ಲೆಕ್ಕದಲ್ಲಿ ಒದಗಿಸುವ ಏರ್ಪಾಡು ಅದು.

ಕಾರ್ಣಿಕದ ಮರುದಿನ ಪತ್ರಿಕೆಗಳಲ್ಲಿ ಬರುವ ಚಿತ್ರವನ್ನು ಒಮ್ಮೆ ನೋಡಿ. ಮೇಲ್ಭಾಗದಲ್ಲಿ ಬಿಲ್ಲು, ಗೊರವಯ್ಯ, ಬರಿಯ ಆಕಾಶ. ಕೆಳಭಾಗದ ತುಂಬ ಮೇಲೆತ್ತಿದ ಮುಖಗಳು, ಎತ್ತಿದ ಕೈಗಳು, ಮೊಣಕೈಯವರೆಗೂ ಭಂಡಾರ. ಪುಟದಲ್ಲಿ ಜಾಗ ಸಾಲದೆ ಹೋದಾಗ ಕತ್ತರಿ ಬೀಳುವುದು ಕೆಳಗಿನ ಅರ್ಧಕ್ಕೆ.