ಆಲಿ ತಂದ ಹಕ್ಕಿ, ವಾಲೇಸನ ಹೆಸರು

ಸೂರತ್ತಿನಲ್ಲಿ ನಾವೊಂದಿಷ್ಟು ಕನ್ನಡದವರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಕಳೆದ ಸಲ ನನ್ನ ಸರದಿ. ಹಕ್ಕಿ ಫೋಟೋ ತೆಗೆಯುವ ಗೀಳು ನನಗಿರುವುದು ಎಲ್ಲರಿಗೂ ಗೊತ್ತಿದ್ದರಿಂದ ‘ಅದರ ಬಗ್ಗೆಯೇ ಏನಾದರೂ ಹೇಳಿ’ ಎಂದರು. ನಾನು ಆರಿಸಿಕೊಂಡದ್ದು ಆಲ್‌ಫ್ರೆಡ್ ರಸೆಲ್ ವಾಲೇಸನ ‘ದಿ ಮಲಯ್ ಆರ್ಕಿಪೆಲಗೊ’. 1869ರಲ್ಲಿ ಬಂದ ಪುಸ್ತಕ. ಇವತ್ತು ಹಾಯಿದೋಣಿ ಹತ್ತಿ, ಕ್ಯಾಮೆರಾ ತೂಗುಹಾಕಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗಿ ಹಕ್ಕಿ, ಜನ, ಊಟ ಎಲ್ಲದರ ಬಗ್ಗೆಯೂ ಬರೆಯುವವರಿಗೆಲ್ಲ ಇದು ಅಜ್ಜನಂಥ ಪುಸ್ತಕ. ಹೊಗಳಬೇಕೆಂದೇ ಓದಲು ಕೂತೆ. ಮುಗಿಸುವ ಹೊತ್ತಿಗೆ ಹೊಗಳಿಕೆಯ ಜೊತೆಗೆ ಒಂದು ಕಸಿವಿಸಿಯೂ ಉಳಿಯಿತು.

ಮೊದಲು ಹೊಗಳಿಕೆ. ವಾಲೇಸ್ 1854ರಿಂದ 1862ರವರೆಗೆ ಎಂಟು ವರ್ಷ ಈಗಿನ ಮಲೇಷ್ಯಾ, ಇಂಡೊನೇಷ್ಯಾದ ದ್ವೀಪಗಳಲ್ಲಿ ಅಲೆದ. 1856ರ ಡಿಸೆಂಬರಿನಲ್ಲಿ ಮಕಾಸ್ಸರ್‌ನಿಂದ ಅರು ದ್ವೀಪಗಳಿಗೆ ಅವನು ಹೊರಟಿದ್ದು ಅಲ್ಲಿನವರದೇ ಹಾಯಿಹಡಗಿನಲ್ಲಿ. ಬಿದಿರು, ಬೆತ್ತ, ತಾಳೆಗರಿಯ ಪುಟ್ಟ ಕೋಣೆ. ಬಣ್ಣದ ವಾಸನೆಯಿಲ್ಲ, ಡಾಂಬರಿನ ವಾಸನೆಯಿಲ್ಲ. ಉಗಿಹಡಗಿನ ಮೊದಲ ದರ್ಜೆಗಿಂತ ಇದೇ ಹಾಯಾಗಿತ್ತೆಂದು ಬರೆಯುತ್ತಾನೆ. ಮುಂದೆ 1860ರಲ್ಲಿ ಸ್ವಂತ ದೋಣಿ ಕಟ್ಟಿಸಿಕೊಂಡು ಹೊರಟಾಗ ಆದದ್ದೆಲ್ಲ ಫಜೀತಿಯೇ. ಆಳುಗಳು ಓಡಿಹೋದರು, ದೋಣಿ ಹತ್ತು ಸಲ ಹವಳದ ದಿಬ್ಬಕ್ಕೆ ಸಿಕ್ಕಿಕೊಂಡಿತು, ನಾಲ್ಕು ಲಂಗರು ಕಳೆದುಹೋದವು, ಹಾಯಿಯನ್ನು ಇಲಿ ತಿಂದವು. ಇದನ್ನೆಲ್ಲ ಎಲ್ಲೂ ಸಾಹಸವೆಂದು ಹೇಳಿಕೊಳ್ಳದೆ, ಕಿರಾಣಿ ಅಂಗಡಿಯ ಲೆಕ್ಕ ಒಪ್ಪಿಸುವಂತೆ ಒಪ್ಪಿಸುತ್ತಾನೆ. ಪುಸ್ತಕದ ಸೊಗಸಿರುವುದು ಈ ದನಿಯಲ್ಲಿ.

ತನ್ನ ಮೇಲೆ ಜನ ನಕ್ಕಿದ್ದನ್ನೂ ಅವನು ಮುಚ್ಚಿಡುವುದಿಲ್ಲ. ಅರುವಿನ ವನುಂಬಾಯ್‌ನಲ್ಲಿ ಒಬ್ಬ ಮುದುಕ ನಿನ್ನ ದೇಶದ ಹೆಸರೇನು ಎಂದು ಕೇಳುತ್ತಾನೆ. ‘ಇಂಗ್ಲೆಂಡ್’ ಎಂಬುದು ಅವನ ನಾಲಿಗೆಗೆ ಹೊರಳುವುದಿಲ್ಲ. ಇಂಥ ಹೆಸರಿನ ದೇಶ ಇರಲು ಸಾಧ್ಯವೇ ಇಲ್ಲ, ನೀನು ನಿಜವಾದ ಹೆಸರು ಮುಚ್ಚಿಡುತ್ತಿದ್ದೀಯ ಎಂದು ಜಗಳಕ್ಕೇ ಬರುತ್ತಾನೆ; ವನುಂಬಾಯ್ ಅನ್ನುವುದು ಎಷ್ಟು ಸಲೀಸು! ಹೂವಿನಹಡಗಲಿಯಿಂದ ಬಂದ ನಾನು ಇಲ್ಲಿ ಊರಿನ ಹೆಸರು ಹೇಳಿ ಹೇಳಿ ಸೋತು, ಕೊನೆಗೆ ‘ಬೆಂಗಳೂರು ಕಡೆ’ ಅನ್ನುವುದನ್ನು ರೂಢಿ ಮಾಡಿಕೊಂಡವನು. ಈ ಪುಟ ಓದಿ ಒಬ್ಬನೇ ನಕ್ಕೆ.

ಕಸಿವಿಸಿ ಶುರುವಾಗುವುದು ಇದೇ ಅರು ದ್ವೀಪದಲ್ಲಿ. ಒಂದು ದಿನ ಅವನ ಸಹಾಯಕ ಹುಡುಗ ಬಡೆರೂನ್ ಒಂದು ಪುಟ್ಟ ಕೆಂಪು ಹಕ್ಕಿ ಹೊಡೆದು ತರುತ್ತಾನೆ, ಸ್ವರ್ಗದ ಹಕ್ಕಿಗಳಲ್ಲೊಂದು. ವಾಲೇಸನಿಗೆ ಮೈಮೇಲೆ ಪ್ರಜ್ಞೆಯಿಲ್ಲದಷ್ಟು ಸಂತೋಷ. ಸುತ್ತಲಿನ ಜನಕ್ಕೆ ಅದು ದಿನಾ ಕಾಣುವ ‘ಬುರೊಂಗ್ ರಾಜ’, ಅಂದರೆ ರಾಜಹಕ್ಕಿ. ಇವನ ಸಡಗರ ನೋಡಿ ನಗುತ್ತಾರೆ. ಆಮೇಲೆ ಬರುವುದೇ ಪುಸ್ತಕದ ಅತ್ಯಂತ ಗಂಭೀರವಾದ ಭಾಗ. ನಾಗರಿಕ ಮನುಷ್ಯ ಈ ಕಾಡಿಗೆ ಕಾಲಿಟ್ಟರೆ ಇದೇ ಹಕ್ಕಿ ಅಳಿದುಹೋಗುತ್ತದೆ, ಜೀವಿಗಳೆಲ್ಲ ಮನುಷ್ಯನಿಗಾಗಿ ಹುಟ್ಟಿದವಲ್ಲ ಎನ್ನುತ್ತಾನೆ. 1869ರಲ್ಲೇ ಹೀಗೆ ಬರೆಯುವುದು ಸಣ್ಣ ಮಾತಲ್ಲ.

ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳುತ್ತಾನೆ: ಇಷ್ಟು ಚೆಲುವು ಯುಗಯುಗಗಳಿಂದ ಈ ಕತ್ತಲ ಕಾಡಿನಲ್ಲಿ, ಬುದ್ಧಿಯುಳ್ಳ ಕಣ್ಣೊಂದಕ್ಕೂ ಬೀಳದೆ, ವ್ಯರ್ಥವಾಗಿ ಹುಟ್ಟಿ ಸತ್ತಿತಲ್ಲ ಎಂದು. ಇಲ್ಲಿ ನಾನು ಪುಸ್ತಕ ಮುಚ್ಚಿಟ್ಟೆ. ಹಕ್ಕಿಗೆ ‘ರಾಜ’ ಎಂದು ಹೆಸರಿಟ್ಟವರು ನೋಡದೆಯೇ ಇಟ್ಟರೆ? ಬಡೆರೂನ್ ನೋಡದೆಯೇ ಹೊಡೆದನೆ? ಆ ಜನರ ಹೆಸರನ್ನೂ ನಗುವನ್ನೂ ಪ್ರಾಮಾಣಿಕವಾಗಿ ದಾಖಲಿಸಿದವನೇ ಕೆಲವೇ ಸಾಲುಗಳ ಅಂತರದಲ್ಲಿ ಅವರ ಕಣ್ಣುಗಳನ್ನು ಲೆಕ್ಕದಿಂದ ಬಿಡುತ್ತಾನೆ. ಮಲಯರನ್ನೂ ಪಪುವಾದವರನ್ನೂ ಸ್ವಭಾವದ ಮೇಲೆ ವಿಂಗಡಿಸುವ ಅಧ್ಯಾಯಗಳು ಇವತ್ತು ಓದಲು ಕಷ್ಟ. ಆ ಕಷ್ಟದ ಬೇರೂ ಇಲ್ಲೇ ಇದೆ.

ಆಲಿಯ ವಿಷಯವೂ ಹೀಗೆಯೇ. ಸರವಾಕ್‌ನಲ್ಲಿ ಅಡುಗೆಗೆಂದು ಸೇರಿದ ಹುಡುಗ ಆಲಿ ಕ್ರಮೇಣ ಹಕ್ಕಿ ಹೊಡೆಯುವುದನ್ನು, ಚರ್ಮ ಸುಲಿದು ಹದ ಮಾಡುವುದನ್ನು ಕಲಿತು ವಾಲೇಸನ ಬಲಗೈಯಾದ. 1858ರಲ್ಲಿ ಬಚನ್ ದ್ವೀಪದಲ್ಲಿ ಎದೆಯ ಮೇಲೆ ಹಸಿರು ಕವಚ, ಹೆಗಲಿನಿಂದ ಎದ್ದ ಬಿಳಿ ಗರಿಗಳ ವಿಚಿತ್ರ ಹಕ್ಕಿಯೊಂದನ್ನು ತಂದವನು ಅವನೇ. ವಾಲೇಸ್ ಅದನ್ನು ಒಪ್ಪಿಕೊಂಡು ಬರೆದಿದ್ದಾನೆ. ಆದರೆ ಮರುವರ್ಷ ಲಂಡನ್ನಿನಲ್ಲಿ ಹಕ್ಕಿಗೆ ಶಾಸ್ತ್ರೀಯ ಹೆಸರಿಡುವಾಗ ಅದು ‘ವಾಲೇಸಿ’ ಆಯಿತು. ಎಂಟು ವರ್ಷಗಳಲ್ಲಿ ಸಂಗ್ರಹವಾದ 1,25,660 ಮಾದರಿಗಳಲ್ಲಿ ಹಕ್ಕಿಗಳೇ 8,050. ಅವುಗಳಲ್ಲಿ ಆಲಿಯ ಕೈಯಿಂದ ಬಂದವು ಬಹಳ. ಅವನ ಪಾಲಿಗೆ ಉಳಿದದ್ದು 1862ರಲ್ಲಿ ಸಿಂಗಪುರದಲ್ಲಿ ತೆಗೆಸಿದ ಒಂದು ಫೋಟೋ. ಅದನ್ನು ವಾಲೇಸ್ ಜೋಪಾನವಾಗಿಟ್ಟು 1905ರ ಆತ್ಮಕಥೆಯಲ್ಲಿ ಅಚ್ಚು ಹಾಕಿಸಿದ. ಅಷ್ಟಾದರೂ ಮಾಡಿದನಲ್ಲ ಎನ್ನಬೇಕು.

ಕನ್ನಡ ಓದುಗರಿಗೆ ಇಲ್ಲಿ ‘ಕರ್ವಾಲೊ’ ನೆನಪಾಗದೆ ಇರದು. 1980ರ ಈ ಕಾದಂಬರಿಯಲ್ಲೂ ಒಬ್ಬ ವಿಜ್ಞಾನಿ, ಒಂದು ಅಪರೂಪದ ಜೀವಿ, ದಾರಿ ತೋರಿಸುವ ಒಬ್ಬ ಹಳ್ಳಿಗನಿದ್ದಾರೆ. ಊರವರ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದ ಪೆದ್ದ. ಆದರೆ ಹಾರುವ ಓತಿಯನ್ನು ಕಂಡಿದ್ದ ಕಣ್ಣು ಅವನದು. ಕರ್ವಾಲೊ ಅವನಲ್ಲಿ ಒಬ್ಬ ಹುಟ್ಟು ನಿಸರ್ಗ ವಿಜ್ಞಾನಿಯನ್ನು ಕಾಣುತ್ತಾರೆ. ತೇಜಸ್ವಿ ಮಂದಣ್ಣನನ್ನು ಮೇಲಕ್ಕೇರಿಸಿ ಪೂಜೆ ಮಾಡುವುದಿಲ್ಲ. ಅವನ ಪೆದ್ದುತನ, ಮದುವೆಯ ಹಂಬಲ ಎಲ್ಲ ಹಾಗೇ ಇರುತ್ತವೆ. ವಿಜ್ಞಾನಿಯ ಕಣ್ಣಿನ ಪಕ್ಕದಲ್ಲೇ ಅವನ ಕಣ್ಣಿಗೂ ಜಾಗ ಕೊಡುತ್ತಾರೆ, ಅಷ್ಟೆ. ಕೊನೆಗೆ ಓತಿ ಯಾರ ಕೈಗೂ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಹಿಡಿಯದೇ ಹೋದದ್ದರಿಂದ ಯಾರ ಹೆಸರನ್ನೂ ಅದಕ್ಕೆ ಅಂಟಿಸುವ ಪ್ರಶ್ನೆ ಏಳುವುದಿಲ್ಲ. ವಾಲೇಸನ ಪುಸ್ತಕ ಮುಟ್ಟಿಯೂ ಮುಟ್ಟದೆ ಬಿಟ್ಟ ಜಾಗವನ್ನು ‘ಕರ್ವಾಲೊ’ ಮುಟ್ಟಿದೆ ಎಂದು ನನ್ನ ಅಭಿಪ್ರಾಯ.

ಇಷ್ಟನ್ನು ಗೆಳೆಯರೆದುರು ಗತ್ತಿನಿಂದಲೇ ಹೇಳಿದೆ. ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಚಳಿಗಾಲದ ಹಿಂದೆ ಅಹಮದಾಬಾದಿನ ಆಚೆಯ ನಳಸರೋವರಕ್ಕೆ ಹೋಗಿದ್ದೆ. ಸುಮಾರು 120 ಚದರ ಕಿಲೋಮೀಟರಿನ ಆಳವಿಲ್ಲದ ನೀರು, ನಡುನಡುವೆ ನೂರಾರು ನಡುಗಡ್ಡೆ, 1969ರಿಂದ ಪಕ್ಷಿಧಾಮ. ಸುತ್ತ ಇರುವ ಪಢಾರ್ ಸಮುದಾಯದವರು ಬಿದಿರಿನ ಗಳುವಿನಿಂದ ದೋಣಿ ನೂಕುತ್ತಾರೆ. ನಮ್ಮ ದೋಣಿಯ ಕಾಕಾ ಕಪ್ಪು ಹಕ್ಕಿಯೊಂದನ್ನು ತೋರಿಸಿ ‘ಭಗತಡು’ ಎಂದರು, ಹಣೆ ಮುಟ್ಟಿಕೊಂಡು ಭಗತನ ತಿಲಕದ ಹಾಗೆ ಸನ್ನೆ ಮಾಡಿದರು. ನಮ್ಮಲ್ಲಿ ಅದು ನಾಮದ ಕೋಳಿ. ಎರಡು ಭಾಷೆಯವರು ಒಂದೇ ಬಿಳಿ ಹಣೆಯನ್ನು ನೋಡಿ ಒಂದೇ ಥರ ನಕ್ಕಿದ್ದರು! ಅದನ್ನು ಅವರಿಗೆ ಹೇಳಬೇಕಿತ್ತು. ನನ್ನ ಗಮನವೆಲ್ಲ ದೂರದ ರಾಜಹಂಸಗಳ ಮೇಲಿತ್ತು. ಹತ್ತಿರ ಹೋದರೆ ಹಾರುತ್ತವೆ, ಹಾರಿದರೆ ರೆಕ್ಕೆಯ ಕೆಂಪು ಸಿಗುತ್ತದೆ. ‘ಬೇಡ ಸಾಹೇಬ್, ಮೇಯುತ್ತಿವೆ’ ಎಂದರು ಕಾಕಾ. ನಾನು ನೂರು ರೂಪಾಯಿ ಹೆಚ್ಚಿಗೆ ಕೊಡುತ್ತೇನೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಗಳು ಊರಿದರು. ಇಡೀ ಹಿಂಡು ಎದ್ದಿತು.

ಆ ಫೋಟೋ ನಮ್ಮ ಕಂಪನಿಯ ಕ್ಯಾಲೆಂಡರಿನಲ್ಲಿ ಜನವರಿ ತಿಂಗಳಾಯಿತು. ಕೆಳಗೆ ನನ್ನ ಹೆಸರು, ಲೆನ್ಸಿನ ವಿವರ. ಮೂಲ ಫೋಟೋದ ಎಡ ಮೂಲೆಯಲ್ಲಿ ಬಿದಿರಿನ ಗಳುವಿನ ತುದಿ ಬಿದ್ದಿತ್ತು. ಚಿತ್ರ ಕೆಡುತ್ತದೆಂದು ನಾನೇ ಕತ್ತರಿಸಿದೆ.

ವಾಲೇಸನಿಗೆ ಆಲಿಯ ಹೆಸರು ಗೊತ್ತಿತ್ತು, ಬಡೆರೂನನ ಹೆಸರೂ ಗೊತ್ತಿತ್ತು. ನನಗೆ ಕಾಕಾ ಹೆಸರು ಗೊತ್ತಿಲ್ಲ, ನಾನು ಕೇಳಿರಲಿಲ್ಲ. ಈ ಡಿಸೆಂಬರಿನಲ್ಲಿ ಮತ್ತೆ ನಳಸರೋವರಕ್ಕೆ ಹೋಗುವವನಿದ್ದೇನೆ. ಕತ್ತರಿಸದ ಫೋಟೋದ ಪ್ರಿಂಟ್ ಹಾಕಿಸಿಟ್ಟಿದ್ದೇನೆ.