ತಲೆಬುರುಡೆಯ ಉಂಗುರ, ಕಾಣದ ಕಣ್ಣು

ಫ್ಯಾಂಟಮ್‌ನ ಮುಖವಾಡದಲ್ಲಿ ಕಣ್ಣುಗುಡ್ಡೆಗಳಿಲ್ಲ, ಎರಡು ಬಿಳಿ ಸೀಳುಗಳಷ್ಟೇ. ಗ್ರೀಕ್ ಶಿಲ್ಪಗಳ ಖಾಲಿ ಕಣ್ಣುಗಳು ಹುಟ್ಟಿಸುವ ಭಯಭಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವನ ಸೃಷ್ಟಿಕರ್ತ ಲೀ ಫಾಕ್ ಹಾಗೆ ಬರೆಸಿದರು. 1936ರ ಫೆಬ್ರುವರಿಯಲ್ಲಿ ಅಮೆರಿಕದ ದಿನಪತ್ರಿಕೆಗಳಲ್ಲಿ ಆರಂಭವಾದ ಈ ಚಿತ್ರಕಥೆಗೆ ಅರವತ್ತು ತುಂಬಿದಾಗ ಹಾಲಿವುಡ್ ಅದನ್ನು ದೊಡ್ಡ ಸಿನಿಮಾ ಮಾಡಿತು. ಬಿಲ್ಲಿ ಝೇನ್ ಮೈ ಕಟ್ಟಿಕೊಂಡು, ನೇರಳೆ ಉಡುಪು ತೊಟ್ಟು, ಬಿಳಿ ಕುದುರೆ ಏರಿ ಬಂದ. ಎಲ್ಲ ಸರಿಯಾಗಿತ್ತು. ಆದರೆ ಮುಖವಾಡದೊಳಗಿಂದ ಅವನ ಕಣ್ಣುಗಳು ಕಾಣುತ್ತಿದ್ದವು. ಒಳ್ಳೆಯ, ತುಸು ತುಂಟ ಕಣ್ಣುಗಳು. ಚಿತ್ರ ಬಿದ್ದುಹೋದದ್ದಕ್ಕೆ ಜನ ಹತ್ತಾರು ಕಾರಣ ಕೊಡುತ್ತಾರೆ. ನನ್ನ ಮಟ್ಟಿಗೆ ಆ ಕಣ್ಣುಗಳಲ್ಲೇ ಅದರ ತೊಡಕೆಲ್ಲ ಇದೆ.

ಅದನ್ನು ವಿವರಿಸುವ ಮೊದಲು ನಮ್ಮ ಹಳಹಳಿಕೆಯ ಮೂಲಕ್ಕೆ ಹೋಗಬೇಕು. ಇಂದು ಐವತ್ತು ದಾಟಿದ ಕನ್ನಡಿಗರು ಫ್ಯಾಂಟಮ್ ಅಂದಾಗ ನೆನೆಯುವುದು ಅಮೆರಿಕದ ಪತ್ರಿಕೆಗಳನ್ನಲ್ಲ, ಇಂದ್ರಜಾಲ ಕಾಮಿಕ್ಸನ್ನು. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಶುರು ಮಾಡಿದ ಈ ಮಾಲೆ ಮೊದಲ 32 ಸಂಚಿಕೆಗಳಲ್ಲಿ ಫ್ಯಾಂಟಮ್‌ನನ್ನು ಬಿಟ್ಟು ಬೇರೆಯವರನ್ನು ಒಳಗೆ ಬಿಡಲಿಲ್ಲ. ಆಮೇಲೆ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, 1976ರಲ್ಲಿ ಆಬಿದ್ ಸುರ್ತಿಯವರ ಬಹಾದುರ್ ಬಂದರು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಹೊರಬಂದು, 1990ರಲ್ಲಿ ನಿಂತಿತು. ಮಾಲೆಯ ಆರಂಭದ ಕಾಲದಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಕಾರ್ಕಳದ ಅನಂತ ಪೈ ಒಬ್ಬರು. ಅಮರ ಚಿತ್ರಕಥೆಯ ‘ಅಂಕಲ್ ಪೈ’ ಆಗುವುದಕ್ಕೆ ಮುಂಚಿನ ಮಾತಿದು.

ಹಳೆ ಸಂಚಿಕೆಗಳನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಜೋಪಾನ ಮಾಡುವವರು ಸಾಮಾನ್ಯವಾಗಿ ‘ಒರಿಜಿನಲ್ ಫ್ಯಾಂಟಮ್’ ಎನ್ನುತ್ತಾರೆ. ಒರಿಜಿನಲ್ ಎಲ್ಲಿಯದು? ನಮ್ಮ ಕೈಗೆ ಬಂದದ್ದೇ ಒಂದು ರೂಪಾಂತರ. ದಿನಪತ್ರಿಕೆಯ ಪಟ್ಟಿಯಲ್ಲಿ ದಿನಕ್ಕೆ ಮೂರೋ ನಾಲ್ಕೋ ಚೌಕ. ನಿನ್ನೆ ಓದದವನಿಗಾಗಿ ಇಂದಿನ ಮೊದಲ ಚೌಕ ನಿನ್ನೆಯದನ್ನು ಮತ್ತೆ ಹೇಳಬೇಕು, ಕೊನೆಯ ಚೌಕ ನಾಳೆಯವರೆಗೆ ಕೊಕ್ಕೆ ಹಾಕಬೇಕು. ತಿಂಗಳುಗಟ್ಟಲೆ ಹೀಗೆ ಹನಿಹನಿಯಾಗಿ ಬಂದ ಕಥೆಯನ್ನು ಕತ್ತರಿಸಿ, ಚೌಕಗಳನ್ನು ಹಿಗ್ಗಿಸಿ ಕುಗ್ಗಿಸಿ, ತೆಳು ಪುಸ್ತಕವೊಂದಕ್ಕೆ ಹೊಂದಿಸಿ ನಮಗೆ ಕೊಟ್ಟರು. ಹೆಸರುಗಳೂ ಬದಲಾದವು. ಫಾಕ್‌ರ ಕಥೆ ನಡೆಯುವ ಬೆಂಗಾಲ ದೇಶ ಇಲ್ಲಿ ಡೆಂಕಾಲಿಯಾಯಿತು. ತಲೆತಲಾಂತರದಿಂದ ಫ್ಯಾಂಟಮ್‌ನ ವೈರಿಗಳಾದ ಸಿಂಗ್ ಕಡಲ್ಗಳ್ಳರು ‘ಸಿಂಗಾ’ಗಳಾದರು. ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಕುತೂಹಲವೆಂದರೆ 1996ರಲ್ಲಿ ಹಾಲಿವುಡ್ಡಿನವರೂ ಅದೇ ಹೆಸರಿನ ಕಾಗುಣಿತ ತಿದ್ದಿಕೊಂಡರು. ಮುಂಬಯಿಯ ಸಂಪಾದಕರಿಗೆ ಮೂರು ದಶಕ ಮೊದಲೇ ಹೊಳೆದಿತ್ತು.

ಇಷ್ಟೆಲ್ಲ ಕತ್ತರಿ ಆಡಿದರೂ ಕೆಡದೆ ಉಳಿದದ್ದು ಏನು? ಕಥೆಗಳಂತೂ ಅಲ್ಲ. ಕಥೆಗಳಾಗಿ ನೋಡಿದರೆ ಮುಕ್ಕಾಲು ಪಾಲು ಸಾಧಾರಣ: ಕಳ್ಳರು ಬರುತ್ತಾರೆ, ಫ್ಯಾಂಟಮ್‌ನ ಪ್ರೇಯಸಿ ಡಯಾನಾಳನ್ನು ಹೊತ್ತೊಯ್ಯುತ್ತಾರೆ, ದವಡೆಯ ಮೇಲೆ ಅವನ ಉಂಗುರದ ತಲೆಬುರುಡೆಯ ಗುರುತು ಬೀಳುತ್ತದೆ. ಉಳಿದದ್ದು ಆ ಏರ್ಪಾಡು. 1536ರಲ್ಲಿ ಕಡಲ್ಗಳ್ಳರಿಂದ ತಪ್ಪಿಸಿಕೊಂಡು ದಡ ಸೇರಿದವನೊಬ್ಬ ತನ್ನ ತಂದೆಯನ್ನು ಕೊಂದವನ ಬುರುಡೆ ಮುಟ್ಟಿ ಪ್ರತಿಜ್ಞೆ ಮಾಡುತ್ತಾನೆ. ಅಲ್ಲಿಂದ ಮಗ, ಮೊಮ್ಮಗ, ಹೀಗೆ ಇಪ್ಪತ್ತೊಂದು ತಲೆಮಾರು. ಕಾಡಿನ ಜನ ಮಾತ್ರ ಅವನೊಬ್ಬನೇ, ಸಾವಿಲ್ಲದವನು ಎಂದು ನಂಬಿದ್ದಾರೆ. ಕಾಡಿನ ಕಾವಲು ಪಡೆಯಾದ ಜಂಗಲ್ ಪ್ಯಾಟ್ರೋಲಿಗೂ ಅವನೇ ಒಡೆಯ, ಆದರೆ ಸಿಪಾಯಿಗಳು ತಮ್ಮ ಕಮಾಂಡರ್‌ನ ಮುಖವನ್ನೇ ನೋಡಿಲ್ಲ, ಆಜ್ಞೆಗಳು ಒಂದು ತಿಜೋರಿಯಲ್ಲಿ ಬಂದು ಬಿದ್ದಿರುತ್ತವೆ. ಈಡನ್ ದ್ವೀಪದಲ್ಲಿ ಹುಲಿ ಸಿಂಹಗಳು ಮೀನು ತಿಂದುಕೊಂಡು ಜಿಂಕೆಗಳ ಜೊತೆ ಬದುಕುತ್ತವೆ. (ಮೀನುಗಳನ್ನು ಯಾರೂ ಕೇಳಲಿಲ್ಲ.)

ಈ ಏರ್ಪಾಡಿನ ಗುಟ್ಟು ಗೊತ್ತಿರುವುದು ಬಾಂದಾರ್ ಬುಡಕಟ್ಟಿನ ನಾಯಕ ಗುರಾನ್‌ಗೆ, ಡಯಾನಾಳಿಗೆ, ಮತ್ತೆ ಓದುಗನಿಗೆ. ಇಡೀ ಕಾಡು ದಂತಕಥೆಯನ್ನು ನಂಬುವಾಗ ನಾವು ದಂತಕಥೆ ನಡೆಸುವವರ ಪಂಗಡಕ್ಕೆ ಸೇರಿದವರು. ಹತ್ತು ವರ್ಷದ ಹುಡುಗನೊಬ್ಬನಿಗೆ ಇದಕ್ಕಿಂತ ದೊಡ್ಡ ಪದವಿ ಬೇಕೆ? ಫ್ಯಾಂಟಮ್ ಅರ್ಧ ಮನುಷ್ಯ, ಅರ್ಧ ವದಂತಿ. ಬಿಳಿ ಕಣ್ಣು ಆ ವದಂತಿಯ ಭಾಗ. ಕಾಗದದ ಮೇಲೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಕ್ಯಾಮೆರಾದ ಮುಂದೆ ನಿಂತ ನಟ ಮಾತ್ರ ಮನುಷ್ಯನೇ.

ಪರದೆಗೆ ತಂದವರಲ್ಲಿ ಹೆಚ್ಚಿನವರು ಇದನ್ನು ಗಮನಿಸಲೇ ಇಲ್ಲ. 1943ರಲ್ಲಿ ಕೊಲಂಬಿಯಾ ಕಂಪನಿ ಟಾಮ್ ಟೈಲರ್‌ನನ್ನು ಹಾಕಿಕೊಂಡು 15 ಕಂತುಗಳ ಧಾರಾವಾಹಿ ಚಿತ್ರ ತೆಗೆಯಿತು. ಹನ್ನೆರಡು ವರ್ಷದ ನಂತರ ಮುಂದುವರಿಸಲು ಹೊರಟಾಗ ಹಕ್ಕು ಕೈಯಲ್ಲಿರಲಿಲ್ಲ. ಉಡುಪು ಬದಲಿಸಿ, ಹಳೆಯ ತುಣುಕುಗಳನ್ನು ತುರುಕಿ, ನಾಯಕನಿಗೆ ‘ಕ್ಯಾಪ್ಟನ್ ಆಫ್ರಿಕಾ’ ಎಂದು ಹೆಸರಿಟ್ಟು ಮುಗಿಸಿದರು. ಅದು ಮರೆತುಹೋದದ್ದೇ ಒಳ್ಳೆಯದಾಯಿತು. 1986ರ ‘ಡಿಫೆಂಡರ್ಸ್ ಆಫ್ ದಿ ಅರ್ತ್’ ಕಾರ್ಟೂನಿನಲ್ಲಿ ಫ್ಯಾಂಟಮ್, ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಒಂದೇ ಮನೆಯಲ್ಲಿದ್ದರು. ಇಂದ್ರಜಾಲ ಓದಿದವರ ಕನಸೇ ಅದು. ಆದರೆ ಅಲ್ಲಿ ಫ್ಯಾಂಟಮ್ ಮಂತ್ರ ಹೇಳಿ ಹತ್ತು ಹುಲಿಗಳ ಬಲ ತರಿಸಿಕೊಳ್ಳುತ್ತಾನೆ. ಬಲ ನಿಜವಾಗಿಯೂ ಇದ್ದರೆ ದಂತಕಥೆ ಯಾಕೆ ಬೇಕು? ಬರಿಗೈಯವನು ನಂಬಿಕೆಯನ್ನೇ ಆಯುಧ ಮಾಡಿಕೊಂಡದ್ದರಲ್ಲಿ ಅಲ್ಲವೇ ಸ್ವಾರಸ್ಯ ಇದ್ದದ್ದು.

1996ರ ಚಿತ್ರವನ್ನು ಜನ ಬೈದಷ್ಟು ಬೈಯಲಾರೆ. ನಿರ್ದೇಶಕ ಸೈಮನ್ ವಿನ್ಸರ್ ಕಥೆಯನ್ನು 1938ರಲ್ಲೇ ಇಟ್ಟರು, ಉಡುಪನ್ನು ಕಂಡು ನಾಚಲಿಲ್ಲ, ಥಾಯ್ಲೆಂಡಿನ ಕಾಡು ಕಡಲುಗಳನ್ನು ಚೆನ್ನಾಗಿ ತೋರಿಸಿದರು. 2009ರಲ್ಲಿ ಬಂದ ಟಿವಿ ರೂಪ ಆ ನೇರಳೆ ಉಡುಪಿಗೇ ಹೆದರಿ ರಕ್ಷಾಕವಚ ತೊಡಿಸಿದ್ದನ್ನು ನೋಡಿದರೆ ವಿನ್ಸರ್‌ರ ಧೈರ್ಯದ ಬೆಲೆ ತಿಳಿಯುತ್ತದೆ. ಆದರೂ ಸುಮಾರು 45 ದಶಲಕ್ಷ ಡಾಲರ್ ಸುರಿದ ಚಿತ್ರಕ್ಕೆ ಅಮೆರಿಕದಲ್ಲಿ ಬಂದದ್ದು 17 ದಶಲಕ್ಷ. ಚಿತ್ರ ಮಾಡಿದವರು ದಂತಕಥೆಯನ್ನು ಬಿಟ್ಟು ಮೂರು ಮಾಯಾ ಬುರುಡೆಗಳ ಬೆನ್ನು ಹತ್ತಿದರು. ಅಲ್ಲಿಗೆ ಫ್ಯಾಂಟಮ್ ನಿಧಿ ಹುಡುಕುವ ಸಾಹಸಿಗಳಲ್ಲಿ ಇನ್ನೊಬ್ಬನಾದ.

ಏರ್ಪಾಡನ್ನು ಅರ್ಥ ಮಾಡಿಕೊಂಡದ್ದು, ನನ್ನ ಲೆಕ್ಕದಲ್ಲಿ, 1994ರ ‘ಫ್ಯಾಂಟಮ್ 2040’ ಕಾರ್ಟೂನ್ ಮಾಲೆ ಒಂದೇ. ಕೇವಲ 35 ಕಂತು. ಪೀಟರ್ ಚಂಗ್ ರೂಪಿಸಿದ ಉದ್ದನೆಯ ಕೈಕಾಲಿನ ಆಕೃತಿಗಳು ನಮ್ಮ ಕಾಲದ ಫ್ಯಾಂಟಮ್ ಚಿತ್ರಕಾರ ಸೈ ಬ್ಯಾರಿಯವರ ದುಂಡು ರೇಖೆಗಳಿಗೆ ಒಗ್ಗಿದವರಿಗೆ ಮೊದಲು ಹಿಡಿಸುವುದಿಲ್ಲ. ಕಾಡು ನಾಶವಾಗಿದೆ, ಮೆಟ್ರೋಪಿಯಾ ಎಂಬ ನಗರದಲ್ಲಿ ಕಂಪನಿಯೊಂದರ ದರ್ಬಾರು, ಇಪ್ಪತ್ತನಾಲ್ಕನೆಯ ಫ್ಯಾಂಟಮ್ ಆಗಬೇಕಾದವನು ತನ್ನ ಮನೆತನದ ಗುಟ್ಟೇ ಗೊತ್ತಿಲ್ಲದ ವಿದ್ಯಾರ್ಥಿ. ನಂಬುವವರೇ ಉಳಿದಿಲ್ಲದ ಕಡೆ ದಂತಕಥೆಯನ್ನು ಮತ್ತೆ ಹೂಡುವುದು ಹೇಗೆ ಎಂಬುದೇ ಅದರ ಕಥೆ. ಕುದುರೆಯಿಲ್ಲ, ಫ್ಯಾಂಟಮ್ ನೆಲೆಸುವ ಬುರುಡೆ ಗವಿಯ ಹಳೆ ವೈಭವವಿಲ್ಲ, ಆದರೂ ಇದು ಫ್ಯಾಂಟಮ್. ಹಳಹಳಿಕೆಯ ಮಾತುಗಳಲ್ಲಿ ಇದರ ಹೆಸರು ಬರುವುದೇ ಅಪರೂಪ.

ಇನ್ನೊಂದು ಪ್ರಶ್ನೆಯನ್ನು ನಮ್ಮ ಹಳಹಳಿಕೆ ಜಾಣತನದಿಂದ ಬದಿಗೆ ಸರಿಸುತ್ತದೆ. ಬಿಳಿಯನೊಬ್ಬ ಸಿಂಹಾಸನದಲ್ಲಿ ಕೂತಿದ್ದಾನೆ, ಕಪ್ಪು ಜನ ಅವನನ್ನು ಸಾವಿಲ್ಲದವನೆಂದು ನಂಬಿದ್ದಾರೆ, ನಂಬಿಕೆ ಸುಳ್ಳೆಂದು ಅವನಿಗೆ ಗೊತ್ತು. ನಾನು ಮೆಚ್ಚಿದ ಏರ್ಪಾಡೇ ಇದು, ಇನ್ನೊಂದು ಮಗ್ಗುಲಿನಿಂದ ನೋಡಿದಾಗ. ಸ್ವಾತಂತ್ರ್ಯ ಬಂದು ಎರಡು ದಶಕವೂ ಆಗದ ದೇಶದ ಮಕ್ಕಳು ಇದನ್ನು ಮುಗಿಬಿದ್ದು ಓದಿದರಲ್ಲ! ಡೆಂಕಾಲಿ, ಸಿಂಗಾ ಎಂಬ ತಿದ್ದುಪಡಿಗಳು ಇದನ್ನು ಮುಟ್ಟಲಿಲ್ಲ, ನಮಗೆ ಚುಚ್ಚುವ ಮುಳ್ಳನ್ನಷ್ಟೇ ತೆಗೆದವು. ಆಫ್ರಿಕನ್ನರಿಗೆ ಚುಚ್ಚುವುದು ಇದ್ದಲ್ಲೇ ಇತ್ತು.

ಅದನ್ನು ಅಷ್ಟಿಷ್ಟಾದರೂ ತಿದ್ದಲು ಹೊರಟವರು ಸ್ವತಃ ಫಾಕ್. 1960ರ ದಶಕದಲ್ಲಿ ಅವರ ಬೆಂಗಾಲ ಸ್ವತಂತ್ರ ರಾಷ್ಟ್ರವಾಯಿತು. ವೈದ್ಯ ಲಮಾಂಡಾ ಲುವಾಗಾ ಚುನಾವಣೆ ಗೆದ್ದು ಅಧ್ಯಕ್ಷನಾದ, ಜನರಲ್ ಬಬಾಬು ಅಧಿಕಾರ ಕಸಿಯಲು ನೋಡಿದ. ಜಂಗಲ್ ಪ್ಯಾಟ್ರೋಲಿಗೆ ಕರ್ನಲ್ ವೊರುಬು ಎಂಬ ಕರಿಯ ಅಧಿಕಾರಿ ಬಂದ. 1977ರಲ್ಲಿ ಫ್ಯಾಂಟಮ್ ಮದುವೆಯಾದಾಗ ಲುವಾಗಾ ಅಲ್ಲಿದ್ದ. ಆದರೂ ಗವಿಯ ಸಿಂಹಾಸನ ಖಾಲಿಯಾಗಲಿಲ್ಲ. ಚುನಾಯಿತ ಅಧ್ಯಕ್ಷನಿರುವ ದೇಶದಲ್ಲಿ ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಮುಖವಾಡದವನಿಗೆ ಏನು ಕೆಲಸ ಎಂದು ಲುವಾಗಾ ಒಮ್ಮೆ ಗಟ್ಟಿಯಾಗಿ ಕೇಳುವ ಫ್ಯಾಂಟಮ್ ಚಿತ್ರವೊಂದು ಬಂದರೆ, ಮುಖವಾಡದೊಳಗಿನ ಕಣ್ಣು ಕಂಡರೂ ನಾನು ಟಿಕೆಟ್ ಕೊಳ್ಳುತ್ತೇನೆ.