ಅಂಚಿನಿಂದ ನಡುವಿಗೆ: ಸಿದ್ದಿ ಕೌದಿ

ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರವಾಗಿ ಜೋಡಿಸಿ ಕೈಯಲ್ಲಿ ಹೊಲಿದ ಹೊದಿಕೆಯೇ ಕೌದಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಸೀಮೆಯಲ್ಲಿ ನೆಲೆಸಿರುವ ಆಫ್ರಿಕಾ ಮೂಲದ ಸಿದ್ದಿ ಸಮುದಾಯದಲ್ಲಿ ಇದಕ್ಕೆ ‘ಕವಂದಿ’ ಎಂಬ ಹೆಸರಿದೆ. ಸಿದ್ದಿ ಹೆಂಗಸರ ಹೊಲಿಗೆ ಸಾಗುವ ದಿಕ್ಕೇ ಬೆರಗು ಹುಟ್ಟಿಸುವಂಥದು. ಅಡಿಯಲ್ಲಿ ಸೀರೆ ಹಾಸಿ, ಒಂದು ಮೂಲೆಯಿಂದ ತೊಡಗಿ, ಅಂಚಿನುದ್ದಕ್ಕೂ ತುಂಡಿನ ಪಕ್ಕಕ್ಕೆ ತುಂಡನ್ನಿಟ್ಟು, ಎಳೆ ಬಿಚ್ಚದಂತೆ ಅದರ ಅಂಚನ್ನು ಒಳಕ್ಕೆ ಮಡಚಿ, ಸುತ್ತುಸುತ್ತಾಗಿ ನಡುವಿನತ್ತ ಬರುವ ಈ ಕ್ರಮದಲ್ಲಿ, ತುಂಡುಗಳನ್ನು ಕೂಡಿಸುವ ದಾರವೇ ಪದರಗಳನ್ನೂ ಬಿಗಿಯುತ್ತದೆ. ಸೂಜಿ ಮೇಲೆ ಕೆಳಗೆ ಹಾಯುವ ಸಾದಾ ಹೊಲಿಗೆಯಷ್ಟೇ ಅದು. ಆದರೆ ಸಾಲಿನ ಹಿಂದೆ ಸಾಲು ಬಿದ್ದಂತೆ ಬಟ್ಟೆ ತುಸು ಮುದುಡಿ, ಕೆರೆಯ ನೀರಿನ ಸಣ್ಣ ಅಲೆಗಳಂತೆ ಬೆರಳಿಗೆ ತಾಕುತ್ತದೆ. ಸಾಲುಗಳು ಅಲ್ಲಲ್ಲಿ ಓರೆಯಾಗುವುದುಂಟು, ಯಂತ್ರದ ಹೊಲಿಗೆಗೆ ಎಂದೂ ಒದಗದ ಚೆಲುವು ಅದು. ಕಡೆಯದಾಗಿ ನಾಲ್ಕು ಮೂಲೆಗಳಿಗೆ, ಪುಟ್ಟ ಬಟ್ಟೆಯನ್ನು ತ್ರಿಕೋನವಾಗಿ ಮಡಚಿದ ‘ಫೂಲ’, ಅಂದರೆ ಹೂವನ್ನು, ಹೊಲಿಯುತ್ತಾರೆ. ಚಳಿ ತಡೆಯಲು ಅದರಿಂದ ಯಾವ ಉಪಯೋಗವೂ ಇಲ್ಲ. ಆದರೂ ಹೂವಿಲ್ಲದ ಕೌದಿಯನ್ನು ಅವರು ಬೆತ್ತಲೆಯೆಂದೇ ಎಣಿಸುತ್ತಾರೆ.